ಆಶ್ ವೃಕ್ಷದ ಪರ್ಣಾಂತರ್ವಾಸಿಗಳು: ಒಂದು ನಾಮನಿರ್ಣಯದ ಚರಿತ್ರೆ

೧. ವಿಷಯಪ್ರವೇಶ

ಒಂದು ಶಬ್ದಕ್ಕೆ ಅನೇಕ ಅರ್ಥಗಳಿರುವುದುಂಟು. ಒಂದೇ ಅರ್ಥಕ್ಕೆ ಅನೇಕ ಶಬ್ದಗಳಿರುವುದೂ ಉಂಟು. ಅಮರಸಿಂಹನು ತನ್ನ ಕೋಶದಲ್ಲಿ ಪರ್ಯಾಯಪದಗಳನ್ನು ವರ್ಗವರ್ಗವಾಗಿ ಜೋಡಿಸಿ, ಅನೇಕಾರ್ಥವುಳ್ಳ ಶಬ್ದಗಳಿಗೆ ನಾನಾರ್ಥವರ್ಗವೆಂದು ಪ್ರತ್ಯೇಕವಾದೊಂದು ಸ್ಥಾನವನ್ನು ಕಲ್ಪಿಸಿರುವನು. ಕಾವ್ಯದಲ್ಲಿ ಇವೆರಡೂ ಭೂಷಣಗಳೇ ಸರಿ. ನಾನಾರ್ಥದ ಬಲದಿಂದ ಶ್ಲೇಷವು ಹುಟ್ಟುವುದು; ಪರ್ಯಾಯಗಳ ಸಮೃದ್ಧಿಯಿಂದ ಕವಿಗೆ ಛಂದಸ್ಸಿನ ಇಕ್ಕಟ್ಟು ಸಡಿಲವಾಗುವುದು. ಆದರೆ ಪದಾರ್ಥನಿರ್ಣಯವೇ ಪ್ರಯೋಜನವಾಗಿರುವ ಶಾಸ್ತ್ರದಲ್ಲಿ ಇವೆರಡೂ ದೋಷಗಳಾಗಿ ಪರಿಣಮಿಸುವುವು. ಒಂದು ಹೆಸರಿನ ಮರೆಯಲ್ಲಿ ಎರಡು ವಸ್ತುಗಳು ಅಡಗಿದ್ದರೆ ಒಂದರ ಗುಣವನ್ನು ಮತ್ತೊಂದರ ಮೇಲೆ ಹೊರಿಸಿದಂತಾಗುವುದು. ಒಂದೇ ವಸ್ತುವಿಗೆ ಎರಡು ಹೆಸರುಗಳು ನಿಂತರೆ ಒಂದನ್ನೇ ಎರಡೆಂದು ಎಣಿಸಿದಂತಾಗುವುದು.

ಯುರೋಪು ಖಂಡದ ಆಶ್ ಎಂಬ ಮರದ ಎಲೆಗಳಲ್ಲಿ ವಾಸಿಸುವ ಶಿಲೀಂಧ್ರಗಳನ್ನು ಗುರುತಿಸುವ ಕಾರ್ಯದಲ್ಲಿ ಈ ಎರಡು ದೋಷಗಳೂ ಏಕಕಾಲದಲ್ಲಿ ಕೂಡಿಬಂದವು. ಅವುಗಳ ನಿವಾರಣೆಗೆ ಪೋಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿ, ಜಪಾನ್ ಮೊದಲಾದ ದೇಶಗಳ ವಿದ್ವಾಂಸರು ೨೦೦೬ರಿಂದ ೨೦೧೪ರವರೆಗೆ ಪರಿಶ್ರಮಪಟ್ಟರು. ಅಷ್ಟರಲ್ಲಿ ಆ ಮರಗಳು ಲಕ್ಷಗಟ್ಟಳೆಯಾಗಿ ಒಣಗುತ್ತಿದ್ದವು. ಹೆಸರಿನ ತಪ್ಪು ಪುಸ್ತಕದೊಳಗಿನ ತಪ್ಪಾಗಿ ಮಾತ್ರ ಉಳಿಯಲಿಲ್ಲ. ರಾಜ್ಯಾಡಳಿತದ ತೀರ್ಮಾನಗಳಿಗೂ ಅದೇ ಆಧಾರವಾಯಿತು. ನಾಮವಿಚಾರವು ಕೇವಲ ವಾಗ್ವಾದವಲ್ಲವೆಂಬುದಕ್ಕೆ ಈ ಚರಿತ್ರೆಯು ಒಳ್ಳೆಯ ನಿದರ್ಶನವಾಗಿರುವುದು.

೨. ವೃಕ್ಷದ ಪರಿಚಯ

ಲಿನೀಯಸನು ೧೭೫೩ರಲ್ಲಿ ಈ ಮರಕ್ಕೆ ಫ್ರಾಕ್ಸಿನಸ್ ಎಕ್ಸೆಲ್ಸಿಯರ್ ಎಂದು ಹೆಸರಿಟ್ಟನು. ಫ್ರಾಕ್ಸಿನಸ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಈ ಮರದ ಹೆಸರೇ. ಎಕ್ಸೆಲ್ಸಿಯರ್ ಎಂದರೆ ಹೆಚ್ಚು ಎತ್ತರವಾದುದು. ಒಂದು ನಡುದಂಟಿನ ಎರಡು ಪಕ್ಕಗಳಲ್ಲಿಯೂ ಕಿರುಎಲೆಗಳು ಜೋಡಿಜೋಡಿಯಾಗಿ ಕೂಡಿಕೊಂಡು, ತುದಿಯಲ್ಲಿ ಒಂಟಿಯಾಗಿ ಮುಗಿಯುವ ಸಂಯುಕ್ತಪರ್ಣವು ಇದರ ಲಕ್ಷಣ. ಚಳಿಗಾಲಕ್ಕೆ ಮೊದಲು ಎಲೆಗಳೆಲ್ಲ ಉದುರುವುವು. ಕಿರುಎಲೆಗಳು ಬೇಗ ಕೊಳೆತುಹೋದರೂ ಗಟ್ಟಿಯಾದ ನಡುದಂಟು ನೆಲದ ಮೇಲೆ ಬಹುಕಾಲ ಉಳಿದಿರುವುದು. ಮುಂದಿನ ಕಥೆಯೆಲ್ಲ ನಡೆಯುವುದು ಈ ದಂಟಿನ ಮೇಲೆಯೇ ಆದುದರಿಂದ ಇದನ್ನು ನೆನಪಿನಲ್ಲಿಡಬೇಕು.

ಕನ್ನಡ ನಾಡಿನಲ್ಲಿ ಈ ಮರವು ಬೆಳೆಯುವುದಿಲ್ಲ. ಹಿಮಾಲಯದ ತಪ್ಪಲುಗಳಲ್ಲಿ ಇದರ ಕೆಲವು ಬಂಧುಗಳುಂಟು. ಆದರೆ ಸಸ್ಯಶಾಸ್ತ್ರದ ವರ್ಗೀಕರಣದಲ್ಲಿ ಇದು ಮಲ್ಲಿಗೆ ಮತ್ತು ಪಾರಿಜಾತಗಳ ಕುಟುಂಬಕ್ಕೇ ಸೇರಿರುವುದೆಂದರೆ ಕನ್ನಡಿಗರಿಗೆ ಅಷ್ಟರಮಟ್ಟಿಗೆ ಪರಿಚಿತವಾದಂತೆಯೇ. ಇದರ ದಾರುವು ದೃಢವೂ ಬಾಗುವ ಶಕ್ತಿಯುಳ್ಳದ್ದೂ ಆದುದರಿಂದ ಕೊಡಲಿ ಸಲಿಕೆಗಳ ಹಿಡಿ, ದೋಣಿಯ ಹುಟ್ಟು, ಗಾಡಿಯ ಚಕ್ರ ಮೊದಲಾದುವುಗಳಿಗೆ ಯುರೋಪಿನಲ್ಲಿ ಪುರಾತನಕಾಲದಿಂದಲೂ ಉಪಯೋಗವಾಗುತ್ತ ಬಂದಿತು. ಉತ್ತರ ಯುರೋಪಿನ ಪುರಾಣದಲ್ಲಿ ಲೋಕಗಳನ್ನೆಲ್ಲ ಧರಿಸಿರುವ ಇಗ್‌ಡ್ರಸಿಲ್ ಎಂಬ ಮಹಾವೃಕ್ಷವು ಆಶ್ ಮರವೇ. ಮೊದಲನೆಯ ಪುರುಷನಾದ ಆಸ್ಕನ ಹೆಸರೂ ಈ ಮರದ ಹೆಸರೇ. ಆ ಮರದ ಚಿಗುರನ್ನು ಜಿಂಕೆಗಳು ಮೇಯುವುವೆಂದೂ, ಬೇರನ್ನು ಸರ್ಪವು ಕಡಿಯುವುದೆಂದೂ, ಪಕ್ಕವು ಕೊಳೆಯುತ್ತಿರುವುದೆಂದೂ ಐಸ್‌ಲೆಂಡಿನ ಪ್ರಾಚೀನ ಎಡ್ಡಾ ಕಾವ್ಯಗಳಲ್ಲಿ ವರ್ಣಿತವಾಗಿದೆ. ಗೀತೆಯ ಊರ್ಧ್ವಮೂಲವಾದ ಅಶ್ವತ್ಥದಂತೆ ಅದೂ ಜಗದ್ರೂಪಕವಾದ ವೃಕ್ಷವು.

೩. ಪರ್ಣಾಂತರ್ವಾಸಿಯೆಂದರೇನು?

ಶಿಲೀಂಧ್ರವೆಂಬ ಶಬ್ದವು ಸಂಸ್ಕೃತದಲ್ಲಿ ಹಳೆಯದು. ಮೇಘದೂತದಲ್ಲಿ ಗುಡುಗಿನ ಧ್ವನಿಯಿಂದ ನೆಲದಲ್ಲಿ ಮೇಲೇಳುವ ಅಣಬೆಗಳಿಗೆ ಇದು ಪ್ರಯುಕ್ತವಾಗಿದೆ. ಕವಿಯು ಕಂಡದ್ದು ನೆಲದ ಮೇಲಿನ ಕೊಡೆಯನ್ನು. ಇಂದಿನ ಶಾಸ್ತ್ರವಾದರೋ ಆ ಕೊಡೆಯನ್ನು ಫಲವೆಂದೂ, ನೆಲದಲ್ಲಿ, ಮರದಲ್ಲಿ ಅಥವಾ ಎಲೆಯಲ್ಲಿ ಹಬ್ಬಿರುವ ನೂಲಿಗಿಂತ ಸೂಕ್ಷ್ಮವಾದ ತಂತುಜಾಲವನ್ನು ಮುಖ್ಯಶರೀರವೆಂದೂ ಹೇಳುವುದು. ಈ ತಂತುಗಳು ಜೀವಂತವಾದ ಸಸ್ಯದೊಳಗೆ ಸೇರಿಕೊಂಡು ಹೊರಗೆ ಯಾವ ರೋಗಲಕ್ಷಣವನ್ನೂ ತೋರಿಸದೆ ಇರುವುದುಂಟು. ಜರ್ಮನಿಯ ಆಂಟನ್ ಡಿ ಬಾರಿ ಎಂಬ ವಿದ್ವಾಂಸನು ೧೮೬೬ರಲ್ಲಿ ಸಸ್ಯದೊಳಗೆ ವಾಸಿಸುವ ಇಂತಹ ಜೀವಿಗಳಿಗೆ ಎಂಡೊಫೈಟ್ ಎಂಬ ಸಂಜ್ಞೆಯನ್ನು ಬಳಕೆಗೆ ತಂದನು. ಗ್ರೀಕ್ ಭಾಷೆಯ ‘ಒಳಗೆ’ ಮತ್ತು ‘ಸಸ್ಯ’ ಎಂಬರ್ಥದ ಎರಡು ಪದಗಳ ಸಮಾಸವಿದು. ಎಲೆಯ ವಿಷಯದಲ್ಲಿ ಇದನ್ನು ಪರ್ಣಾಂತರ್ವಾಸಿ ಎಂದು ಕರೆಯಬಹುದು.

ಕಣ್ಣಿಗೆ ಕಾಣದ ಈ ನಿವಾಸಿಗಳನ್ನು ಗುರುತಿಸುವ ಕ್ರಮವು ಹೀಗೆ: ಎಲೆಯನ್ನು ತೊಳೆದು, ಮದ್ಯಸಾರ ಮತ್ತು ಹೈಪೊಕ್ಲೋರೈಟ್ ದ್ರವಗಳಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೇಲ್ಮೈಯಲ್ಲಿರುವ ಜೀವಿಗಳನ್ನು ನಾಶಪಡಿಸುವರು. ಬಳಿಕ ಎಲೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಮೊಳಕೆಧಾನ್ಯದ ಸಾರವನ್ನು ಬೆರೆಸಿದ ಅಗರಿನ ಮೇಲೆ ಇಡುವರು. ಮೇಲ್ಮೈಯು ಶುದ್ಧವಾಗಿರುವುದರಿಂದ ಅನಂತರ ಬೆಳೆದು ಬರುವುದು ಒಳಗಿದ್ದುದೇ ಎಂದು ಊಹಿಸಬಹುದು. ಹಾಗೆ ಬೆಳೆದ ತಂತುಗಳು ಬೀಜಕಗಳನ್ನು ಬಿಟ್ಟರೆ ಅವುಗಳ ಆಕಾರದಿಂದ ಹೆಸರನ್ನು ನಿರ್ಣಯಿಸುವರು. ಆದರೆ ಅನೇಕ ಪರ್ಣಾಂತರ್ವಾಸಿಗಳು ಬೀಜಕವನ್ನೇ ಬಿಡದೆ ಬರಿಯ ತಂತುಗಳಾಗಿ ಉಳಿಯುವುವು. ಕೆಲವು ಅಗರಿನ ಮೇಲೆ ಬೆಳೆಯುವುದೇ ಇಲ್ಲ. ಹೀಗೆ ಲಕ್ಷಣವಿಲ್ಲದ ಲಕ್ಷ್ಯವನ್ನು ಗುರುತಿಸಲು ವಿದ್ವಾಂಸರು ಡಿ.ಎನ್.ಎ.ಯ ಅಕ್ಷರಕ್ರಮವನ್ನು ಆಶ್ರಯಿಸಿದರು. ಶಿಲೀಂಧ್ರಗಳ ಡಿ.ಎನ್.ಎ.ಯಲ್ಲಿ ಐ.ಟಿ.ಎಸ್. ಎಂಬ ಸಣ್ಣದೊಂದು ಭಾಗವು ಪ್ರಭೇದದಿಂದ ಪ್ರಭೇದಕ್ಕೆ ವ್ಯತ್ಯಾಸಗೊಳ್ಳುವುದರಿಂದ, ೨೦೧೨ರಲ್ಲಿ ಅದನ್ನೇ ಶಿಲೀಂಧ್ರಜಗತ್ತಿಗೆಲ್ಲ ಸಾಮಾನ್ಯವಾದ ಗುರುತುಚೀಟಿಯಾಗಿ ಸ್ವೀಕರಿಸಬೇಕೆಂದು ಸೂಚನೆಯಾಯಿತು.

ಈ ವಿಧಾನಗಳಿಂದ ನೋಡಿದಾಗ ಆಶ್ ಮರದ ಆರೋಗ್ಯವಂತವಾದ ಎಲೆಯೂ ಒಂದು ದೊಡ್ಡ ಊರಿನಂತೆ ಕಂಡುಬಂದಿತು. ವೆಂಚುರಿಯಾ ಫ್ರಾಕ್ಸಿನಿ ಎಂಬುದು ಆ ಊರಿನಲ್ಲಿ ಬಹುಸಂಖ್ಯಾತವಾದುದು. ಅದರ ಜೊತೆಗೆ ಆಲ್ಟರ್ನೇರಿಯಾ, ಕ್ಲಾಡೊಸ್ಪೋರಿಯಂ ಮೊದಲಾದ ಜಾತಿಗಳೂ ಇರುವುವು. ಇವುಗಳ ನಡುವೆ ಮರವನ್ನು ಕೊಲ್ಲಬಲ್ಲ ಒಂದು ಪರದೇಶಿಯನ್ನು ಗುರುತಿಸುವುದೇ ಪ್ರಕೃತ ಪ್ರಶ್ನೆಯಾಗಿದ್ದಿತು.

೪. ಮೊದಲನೆಯ ಹೆಸರು

ಆಶ್ ಮರದ ಉದುರಿದ ದಂಟುಗಳ ಮೇಲೆ ಬೇಸಗೆಯಲ್ಲಿ ಕೆಲವು ಮಿಲಿಮೀಟರಿನಷ್ಟು ಅಗಲವುಳ್ಳ ಬಿಳಿಯ ಬಟ್ಟಲುಗಳು ಸಣ್ಣ ಕಾಲುಗಳ ಮೇಲೆ ಎದ್ದುನಿಲ್ಲುವುವು. ಫ್ರಾನ್ಸಿನಲ್ಲಿ ರೊಬೆರ್ಜ್ ಎಂಬಾತನು ಸಂಗ್ರಹಿಸಿದ್ದ ಇಂತಹ ಮಾದರಿಗೆ ೧೮೫೧ರಲ್ಲಿ ದೆಮಜಿಯೇರ್ ಎಂಬ ಪಂಡಿತನು ಪೆಜೈಜಾ ಆಲ್ಬಿಡಾ ಎಂಬ ಹೆಸರನ್ನು ಪ್ರಕಟಿಸಿದನು. ಆಲ್ಬಿಡಾ ಎಂದರೆ ಬೆಳ್ಳಗಿರುವುದು. ಇಂಗ್ಲೆಂಡಿನ ವಿಲಿಯಂ ಫಿಲಿಪ್ಸನು ೧೮೮೭ರಲ್ಲಿ ಇದನ್ನು ಹೈಮೆನೊಸೈಫಸ್ ಎಂಬ ಜಾತಿಯಲ್ಲಿರಿಸಿದನು. ಜಾತಿಯ ಹೆಸರು ಪುಲ್ಲಿಂಗವಾದುದರಿಂದ ವಿಶೇಷಣವೂ ಪುಲ್ಲಿಂಗಕ್ಕೆ ತಿರುಗಿ ಹೈಮೆನೊಸೈಫಸ್ ಆಲ್ಬಿಡಸ್ ಎಂದಾಯಿತು. ವಿಶೇಷ್ಯದ ಲಿಂಗವನ್ನು ವಿಶೇಷಣವು ಅನುಸರಿಸಬೇಕೆಂಬ ನಿಯಮವು ಸಂಸ್ಕೃತದಲ್ಲಿ ಹೇಗೋ ಲ್ಯಾಟಿನಿನಲ್ಲಿಯೂ ಹಾಗೆಯೇ ಇರುವುದು.

ಈ ಶಿಲೀಂಧ್ರವು ಸಾಧುಪ್ರಾಣಿಯೆಂದೇ ಪ್ರಸಿದ್ಧವಾಗಿದ್ದಿತು. ಬಿದ್ದ ಎಲೆಯನ್ನು ಕೊಳೆಯಿಸಿ ಮಣ್ಣಿಗೆ ಸೇರಿಸುವುದೇ ಅದರ ಕೆಲಸ. ನಿಂತ ಮರಕ್ಕೆ ಅದರಿಂದ ಯಾವ ಪೀಡೆಯೂ ತಿಳಿದುಬಂದಿರಲಿಲ್ಲ. ಒಂದೂವರೆ ಶತಮಾನ ಕಾಲ ಅದರ ಹೆಸರು ತಜ್ಞರ ಪಟ್ಟಿಗಳಲ್ಲಿ ಮಾತ್ರ ಉಳಿದಿದ್ದಿತು.

೫. ರೋಗವೂ ಎರಡನೆಯ ಹೆಸರೂ

೧೯೯೦ರ ದಶಕದ ಆರಂಭದಲ್ಲಿ ಪೋಲೆಂಡಿನಲ್ಲಿ ಆಶ್ ಮರಗಳು ತುದಿಯಿಂದ ಒಣಗತೊಡಗಿದವು. ಎಲೆಗಳು ಕಂದಿ ಜೋಲುಬೀಳುವುದು, ಎಲೆ ಹುಟ್ಟುವ ಗಿಣ್ಣಿನ ಸುತ್ತ ತೊಗಟೆಯು ಸಾಯುವುದು, ರೆಂಬೆಯು ಬರಿದಾಗುವುದು, ವರ್ಷವರ್ಷಕ್ಕೆ ಮರದ ನೆತ್ತಿಯು ಬೋಳಾಗುವುದು: ಇವು ಅದರ ಚಿಹ್ನೆಗಳು. ರೋಗವು ಬಾಲ್ಟಿಕ್ ದೇಶಗಳಿಗೂ ಜರ್ಮನಿ, ಸ್ವೀಡನ್, ಡೆನ್ಮಾರ್ಕ್‌ಗಳಿಗೂ ಹಬ್ಬಿತು. ಬರಗಾಲ, ಹಿಮ ಮೊದಲಾದ ಕಾರಣಗಳನ್ನು ಊಹಿಸಿದವರಿದ್ದರು. ಪೋಲೆಂಡಿನ ತಡೆಯುಷ್ ಕೊವಾಲ್ಸ್ಕಿ ಎಂಬ ವಿದ್ವಾಂಸನು ರೋಗಗ್ರಸ್ತವಾದ ರೆಂಬೆಗಳಿಂದ ನಿಧಾನವಾಗಿ ಬೆಳೆಯುವ ಒಂದು ಶಿಲೀಂಧ್ರವನ್ನು ಬೇರ್ಪಡಿಸಿ ೨೦೦೬ರಲ್ಲಿ ಅದಕ್ಕೆ ಖಲಾರಾ ಫ್ರಾಕ್ಸಿನಿಯಾ ಎಂದು ನಾಮಕರಣ ಮಾಡಿದನು.

ಇಲ್ಲಿ ಶಿಲೀಂಧ್ರಶಾಸ್ತ್ರದ ಒಂದು ವಿಚಿತ್ರವಾದ ಸಂಪ್ರದಾಯವನ್ನು ಹೇಳಬೇಕಾಗಿದೆ. ಅನೇಕ ಶಿಲೀಂಧ್ರಗಳಿಗೆ ಎರಡು ಅವಸ್ಥೆಗಳುಂಟು. ಒಂದರಲ್ಲಿ ಸಂಯೋಗವಿಲ್ಲದೆ ಬೀಜಕಗಳು ಹುಟ್ಟುವುವು. ಮತ್ತೊಂದರಲ್ಲಿ ಸಂಯೋಗದಿಂದ ಹುಟ್ಟುವುವು. ಎರಡು ರೂಪಗಳಿಗೂ ಪರಸ್ಪರ ಹೋಲಿಕೆಯೇ ಇರದಿರಬಹುದು. ಆದುದರಿಂದ ಒಂದೇ ಜೀವಿಯ ಎರಡು ಅವಸ್ಥೆಗಳಿಗೆ ಎರಡು ಹೆಸರುಗಳನ್ನಿಡಲು ಸಸ್ಯನಾಮಕರಣದ ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ ಅವಕಾಶವಿದ್ದಿತು. ಖಲಾರಾ ಎಂಬುದು ಸಂಯೋಗರಹಿತವಾದ ಅವಸ್ಥೆಯ ಹೆಸರು. ಇದರ ಇನ್ನೊಂದು ಅವಸ್ಥೆ ಯಾವುದೆಂಬ ಪ್ರಶ್ನೆಯು ಆಗ ಬಗೆಹರಿದಿರಲಿಲ್ಲ.

೬. ನಾನಾರ್ಥದೋಷ ಮತ್ತು ಅದರ ಫಲ

ಕೊವಾಲ್ಸ್ಕಿಯೂ ಸ್ವಿಟ್ಜರ್ಲೆಂಡಿನ ಹೋಲ್ಡನ್‌ರೀಡರನೂ ಕೂಡಿ ೨೦೦೯ರಲ್ಲಿ ಅದಕ್ಕೆ ಉತ್ತರವನ್ನು ಕೊಟ್ಟರು. ನೆಲದ ಮೇಲಿನ ದಂಟುಗಳಲ್ಲಿ ಎದ್ದ ಬಿಳಿಯ ಬಟ್ಟಲುಗಳ ಬೀಜಕಗಳನ್ನು ಬೆಳೆಯಿಸಿದಾಗ ಖಲಾರಾ ರೂಪವೇ ಬಂದಿತು. ಬಟ್ಟಲುಗಳಾದರೋ ಪುಸ್ತಕದಲ್ಲಿ ವರ್ಣಿತವಾಗಿದ್ದ ಹೈಮೆನೊಸೈಫಸ್ ಆಲ್ಬಿಡಸ್ಸನ್ನೇ ಹೋಲುತ್ತಿದ್ದವು. ಆದುದರಿಂದ ರೋಗಕಾರಕವು ಆಲ್ಬಿಡಸ್ಸೇ ಎಂದು ನಿರ್ಣಯವಾಯಿತು. ಬೆಳೆಯಿಸಿ ನೋಡಿದ್ದು ನಿರ್ದುಷ್ಟವಾದ ಪ್ರತ್ಯಕ್ಷ. ಹೋಲಿಕೆಯಿಂದ ಹೆಸರನ್ನು ಕೊಟ್ಟದ್ದು ಮಾತ್ರ ಅನುಮಾನ. ಆ ಅನುಮಾನದ ಹೇತುವಾದ ಬಿಳುಪು, ಬಟ್ಟಲಿನಾಕಾರ ಮತ್ತು ಆಶ್ ದಂಟಿನ ಆಶ್ರಯ ಇವು ಆಲ್ಬಿಡಸ್ಸಿಗೆ ಮಾತ್ರ ಅಸಾಧಾರಣವಾದ ಧರ್ಮಗಳಾಗಿರಲಿಲ್ಲ. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಆ ಲಕ್ಷಣದಲ್ಲಿ ಅತಿವ್ಯಾಪ್ತಿಯಿದ್ದಿತು.

ಆದರೂ ವಿದ್ವಾಂಸರಿಗೆ ಇದರಿಂದ ಸಮಾಧಾನವಾಗಲಿಲ್ಲ. ಒಂದೂವರೆ ಶತಮಾನ ನಿರಪಾಯವಾಗಿದ್ದ ದೇಶೀಯ ಶಿಲೀಂಧ್ರವು ಹಠಾತ್ತಾಗಿ ಮಾರಕವಾದುದು ಹೇಗೆ? ಇದಕ್ಕೆ ಉತ್ತರವು ದೊರೆಯುವುದಕ್ಕೆ ಮೊದಲೇ ಹೆಸರು ಆಡಳಿತಕ್ಷೇತ್ರದಲ್ಲಿ ತನ್ನ ಕೆಲಸವನ್ನು ಮಾಡತೊಡಗಿತು. ಬ್ರಿಟನ್ನಿನ ಸಸಿವ್ಯಾಪಾರಿಗಳ ಸಂಘವು ೨೦೦೯ರಲ್ಲಿ ಈ ರೋಗದ ಅಪಾಯವನ್ನು ಸರ್ಕಾರದ ಗಮನಕ್ಕೆ ತಂದಿತು. ರೋಗಕಾರಕವೆಂದು ಪ್ರಕಟವಾಗಿರುವ ಆಲ್ಬಿಡಸ್ ಶಿಲೀಂಧ್ರವು ಬ್ರಿಟನ್ನಿನಲ್ಲಿ ಮೊದಲಿನಿಂದಲೂ ವ್ಯಾಪಕವಾಗಿರುವುದರಿಂದ ಆಮದನ್ನು ತಡೆಯಲು ತುರ್ತುಕ್ರಮಗಳನ್ನು ಕೈಕೊಳ್ಳಲಾಗದೆಂಬುದು ಆಗಿನ ಉತ್ತರವಾಗಿದ್ದಿತು. ಆ ಹೆಸರು ನಿಜವಾಗಿದ್ದ ಪಕ್ಷದಲ್ಲಿ ಆ ಉತ್ತರವೂ ಯುಕ್ತವೇ. ಮನೆಯೊಳಗೆ ಇರುವವನನ್ನು ಬಾಗಿಲಲ್ಲಿ ತಡೆಯುವುದರಿಂದ ಪ್ರಯೋಜನವಿಲ್ಲ.

೨೦೧೧ರಲ್ಲಿ ಸ್ವಿಟ್ಜರ್ಲೆಂಡಿನ ಕೆಲೋಜ್ ಮತ್ತು ಅವನ ಸಹಾಯಕರು ಬಿಳಿಯ ಬಟ್ಟಲುಗಳ ಡಿ.ಎನ್.ಎ.ಯನ್ನು ಪರಿಶೀಲಿಸಿ, ಒಂದೇ ಎಂದು ತೋರುತ್ತಿದ್ದುದು ವಸ್ತುತಃ ಎರಡು ಪ್ರಭೇದಗಳೆಂದು ತೋರಿಸಿದರು. ರೋಗವನ್ನುಂಟುಮಾಡುವ ಪ್ರಭೇದಕ್ಕೆ ಹೈಮೆನೊಸೈಫಸ್ ಸ್ಯೂಡೊಆಲ್ಬಿಡಸ್ ಎಂದು, ಅಂದರೆ ‘ಆಲ್ಬಿಡಸ್ಸಿನಂತೆ ತೋರುವುದು’ ಎಂದು, ಹೆಸರಾಯಿತು. ಶುಕ್ತಿಯಲ್ಲಿ ರಜತದ ಭ್ರಾಂತಿಯುಂಟಾಗುವಂತೆ ಒಂದರಲ್ಲಿ ಮತ್ತೊಂದರ ಭ್ರಾಂತಿಯಾಗಿದ್ದುದನ್ನು ಆ ಹೆಸರೇ ಒಪ್ಪಿಕೊಂಡಂತಾಯಿತು. ಅಣುಮಟ್ಟದ ಭೇದವು ತಿಳಿದ ಮೇಲೆ ಸೂಕ್ಷ್ಮದರ್ಶಕದಲ್ಲಿಯೂ ಭೇದವು ಕಂಡುಬಂದಿತು. ರೋಗಕಾರಕದ ಬೀಜಕಚೀಲಗಳ ಬುಡದಲ್ಲಿ ಕೊಕ್ಕೆಯಂತಹ ಒಂದು ಬಾಗು ಇರುವುದು. ಆಲ್ಬಿಡಸ್ಸಿನಲ್ಲಿ ಅದು ಇಲ್ಲ. ಕೊಕ್ಕೆಯು ಮೊದಲೂ ಇದ್ದಿತು. ಅದನ್ನು ವ್ಯಾವರ್ತಕ ಲಕ್ಷಣವೆಂದು ನೋಡುವ ದೃಷ್ಟಿಯು ಆಮೇಲೆ ಬಂದಿತು.

೨೦೧೨ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸಿನಿಂದ ಬಂದ ಸಸಿಗಳಲ್ಲಿ, ಬಕಿಂಗ್‌ಹ್ಯಾಂಷೈರಿನ ಒಂದು ಸಸಿತೋಟದಲ್ಲಿ, ರೋಗವು ಪತ್ತೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಾರ್‌ಫೋಕ್ ಪ್ರಾಂತದ ಸಹಜವಾದ ಕಾಡಿನಲ್ಲಿಯೂ ಕಾಣಿಸಿಕೊಂಡಿತು. ಆ ತಿಂಗಳ ೨೯ರಂದು ಆಮದಿಗೆ ನಿಷೇಧವಾಯಿತು. ಬೀಜಕಗಳು ಗಾಳಿಯಲ್ಲಿ ತೇಲಿಬರುವುದರಿಂದ ನಿಷೇಧವು ಮೊದಲೇ ಆಗಿದ್ದರೂ ರೋಗವು ಎಂದಾದರೊಂದು ದಿನ ಸಮುದ್ರವನ್ನು ದಾಟುತ್ತಿದ್ದಿರಬಹುದು. ಆದರೆ ಹಡಗುಗಳಲ್ಲಿ ಸಸಿಗಳೊಡನೆ ಊರೂರಿಗೆ ಅದನ್ನು ಹಂಚಿದುದು ಮಾತ್ರ ತಪ್ಪುತ್ತಿದ್ದಿತು. ಬ್ರಿಟನ್ನಿನಲ್ಲಿ ಈ ರೋಗದಿಂದಾಗುವ ಒಟ್ಟು ನಷ್ಟವನ್ನು ೨೦೧೯ರ ಒಂದು ಗಣನೆಯು ೧,೫೦೦ ಕೋಟಿ ಪೌಂಡುಗಳೆಂದು ಅಂದಾಜುಮಾಡಿತು.

೭. ಸ್ವದೇಶದಲ್ಲಿನ ಸ್ವರೂಪ

ಹಾಗಾದರೆ ಈ ಪರದೇಶಿಯ ಸ್ವದೇಶವು ಯಾವುದು? ಇದರ ಉತ್ತರವು ೧೯೯೩ರಲ್ಲಿಯೇ ಅಚ್ಚಾಗಿದ್ದಿತು. ಆದರೆ ಬೇರೊಂದು ಹೆಸರಿನ ಕೆಳಗೆ ಅಡಗಿದ್ದಿತು. ಜಪಾನಿನ ಹೊಸೊಯಾ ಮೊದಲಾದವರು ಮಂಚೂರಿಯಾದ ಆಶ್ ಮರದ ಜಪಾನೀ ಭೇದದ ಎಲೆದಂಟುಗಳಿಂದ ಒಂದು ಬಿಳಿಯ ಬಟ್ಟಲನ್ನು ಸಂಗ್ರಹಿಸಿ ಲ್ಯಾಂಬರ್ಟೆಲ್ಲಾ ಆಲ್ಬಿಡಾ ಎಂದು ವರದಿಮಾಡಿದ್ದರು. ೨೦೧೨ರಲ್ಲಿ ಜಾವೊ, ಹೊಸೊಯಾ ಮತ್ತು ಸಂಗಡಿಗರು ಅದನ್ನು ಮತ್ತೆ ಪರೀಕ್ಷಿಸಿದಾಗ ಅದು ಯುರೋಪಿನ ಮಾರಕ ಶಿಲೀಂಧ್ರವೇ ಎಂದು ತಿಳಿದುಬಂದಿತು. ಬಳಿಕ ಚೀನಾ, ಕೊರಿಯಾ ಮತ್ತು ರಷ್ಯಾದ ಪೂರ್ವತೀರಗಳಲ್ಲಿಯೂ ಅದು ದೊರೆಯಿತು. ಕೊರಿಯಾ ಜಪಾನುಗಳಲ್ಲಿ ಅದರ ಹತ್ತಿರದ ಬಂಧುಗಳಾದ ಹೊಸ ಪ್ರಭೇದಗಳೂ ೨೦೧೫ರಲ್ಲಿ ವರ್ಣಿತವಾದವು.

ಪೂರ್ವಏಷ್ಯಾದಲ್ಲಿ ಅದರ ನಡವಳಿಕೆಯೇ ಬೇರೆ. ರಷ್ಯಾದ ದೂರಪ್ರಾಚ್ಯದಲ್ಲಿ ಮಂಚೂರಿಯಾದ ಆಶ್ ಮರದ ಎಲೆಗಳನ್ನು ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಅಲ್ಲಿ ಈ ಶಿಲೀಂಧ್ರವು ಮರಕ್ಕೆ ಹೇಳತಕ್ಕ ತೊಂದರೆ ಕೊಡದೆ ಎಲೆಯೊಳಗೆ ವಾಸಿಸಿ, ಎಲೆ ಉದುರಿದ ಮೇಲೆ ಅದನ್ನು ಕೊಳೆಯಿಸಿ, ದಂಟಿನ ಮೇಲೆ ಬಟ್ಟಲುಗಳನ್ನು ಬಿಡುವುದೆಂದು ತಿಳಿಯಿತು. ಎಂದರೆ ತೌರಿನಲ್ಲಿ ಅದು ಪರ್ಣಾಂತರ್ವಾಸಿ, ಪರದೇಶದಲ್ಲಿ ವೃಕ್ಷಘಾತಕ. ಅದರೊಡನೆ ಬಹುಕಾಲ ಒಡನಾಡಿದ ಮರವು ಅದನ್ನು ಎಲೆಯ ಮಿತಿಯಲ್ಲಿ ಇರಿಸಿಕೊಂಡಿತು. ಯುರೋಪಿನ ಮರಕ್ಕೆ ಆ ಪರಿಚಯವಿಲ್ಲದ್ದರಿಂದ ತಂತುಗಳು ನಡುದಂಟಿನ ಮೂಲಕ ರೆಂಬೆಗೂ ತೊಗಟೆಗೂ ಇಳಿದವು. ಪರ್ಣಾಂತರ್ವಾಸಿ, ರೋಗಕಾರಕ ಎಂಬುವು ವಸ್ತುವಿನ ಜಾತಿಯನ್ನಲ್ಲ, ಆಶ್ರಯದೊಡನೆ ಅದಕ್ಕಿರುವ ಸಂಬಂಧವನ್ನು ಹೇಳುವ ಶಬ್ದಗಳೆಂದು ಇದರಿಂದ ಸ್ಪಷ್ಟವಾಗುವುದು. ಒಬ್ಬನೇ ಒಬ್ಬರಿಗೆ ಮಿತ್ರನೂ ಮತ್ತೊಬ್ಬರಿಗೆ ಶತ್ರುವೂ ಆಗಿರುವಂತೆ ಇದು.

೮. ಪರ್ಯಾಯದೋಷದ ಪರಿಹಾರ

ಎರಡು ಪ್ರಭೇದಗಳು ಬೇರೆಯಾದರೂ ಒಂದೇ ಪ್ರಭೇದಕ್ಕೆ ಖಲಾರಾ ಫ್ರಾಕ್ಸಿನಿಯಾ, ಹೈಮೆನೊಸೈಫಸ್ ಸ್ಯೂಡೊಆಲ್ಬಿಡಸ್ ಎಂದು ಎರಡು ಹೆಸರುಗಳು ಉಳಿದಿದ್ದವು. ೨೦೧೧ರಲ್ಲಿ ಮೆಲ್ಬರ್ನ್ ನಗರದಲ್ಲಿ ನೆರೆದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಮಹಾಸಭೆಯು ಅವಸ್ಥಾಭೇದದಿಂದ ಹೆಸರನ್ನು ಬೇರೆಮಾಡುವ ಹಳೆಯ ಅವಕಾಶವನ್ನು ರದ್ದುಪಡಿಸಿ, ಒಂದು ಶಿಲೀಂಧ್ರಕ್ಕೆ ಒಂದೇ ಹೆಸರೆಂಬ ನಿಯಮವನ್ನು ಸ್ಥಾಪಿಸಿತು. ಹಳೆಯ ಕ್ರಮದಲ್ಲಿ ಸಂಯೋಗಾವಸ್ಥೆಯ ಹೆಸರಿಗೆ ಪ್ರಾಶಸ್ತ್ಯವಿದ್ದಿತು. ಹೊಸ ಕ್ರಮದಲ್ಲಿ ಅವಸ್ಥೆ ಯಾವುದಾದರೂ ಮೊದಲು ಪ್ರಕಟವಾದುದಕ್ಕೆ ಪ್ರಾಶಸ್ತ್ಯ. ೨೦೦೬ರ ಫ್ರಾಕ್ಸಿನಿಯಾ ೨೦೧೧ರ ಸ್ಯೂಡೊಆಲ್ಬಿಡಸ್ಸಿಗಿಂತ ಹಿರಿದು. ಜಾತಿಯಾದರೋ ಹೈಮೆನೊಸೈಫಸ್. ಆದುದರಿಂದ ಬಾರಾಲ್, ಕೆಲೋಜ್ ಮತ್ತು ಹೊಸೊಯಾ ಎಂಬ ಮೂವರು ೨೦೧೪ರಲ್ಲಿ ಎರಡನ್ನೂ ಕೂಡಿಸಿ, ಸ್ತ್ರೀಲಿಂಗದ ಫ್ರಾಕ್ಸಿನಿಯಾ ಎಂಬುದನ್ನು ಪುಲ್ಲಿಂಗಕ್ಕೆ ತಿರುಗಿಸಿ, ಹೈಮೆನೊಸೈಫಸ್ ಫ್ರಾಕ್ಸಿನಿಯಸ್ ಎಂಬ ಹೆಸರನ್ನು ಸಿದ್ಧಪಡಿಸಿದರು. ಈಗ ಪ್ರಮಾಣವಾಗಿರುವ ಹೆಸರು ಇದೇ. ಸ್ಯೂಡೊಆಲ್ಬಿಡಸ್ಸನ್ನು ಹೆಸರಿಸಿದ ಕೆಲೋಜನೇ ಅದನ್ನು ಬಿಟ್ಟುಕೊಟ್ಟವರಲ್ಲಿ ಒಬ್ಬನೆಂಬುದು ಗಮನಾರ್ಹವಾಗಿದೆ. ಸ್ವನಾಮಾಭಿಮಾನಕ್ಕಿಂತ ನಿಯಮವು ದೊಡ್ಡದೆಂಬ ಶಾಸ್ತ್ರಧರ್ಮವನ್ನು ಇಲ್ಲಿ ಕಾಣಬಹುದು.

೯. ಒಣಮಾದರಿಗಳ ಸಾಕ್ಷ್ಯ

ಹೆಸರು ಸ್ಥಿರವಾದ ಮೇಲೆ ವಿದ್ವಾಂಸರು ಸಂಗ್ರಹಾಲಯಗಳ ಹಳೆಯ ಲಕೋಟೆಗಳನ್ನು ಬಿಚ್ಚಿ ನೋಡಿದರು. ಎಸ್ಟೋನಿಯಾದಲ್ಲಿ ಆಲ್ಬಿಡಸ್ ಎಂದು ಬರೆದಿಟ್ಟಿದ್ದ ಮಾದರಿಗಳಲ್ಲಿ ೧೯೯೭ರದೊಂದು ಫ್ರಾಕ್ಸಿನಿಯಸ್ಸಾಗಿದ್ದಿತು. ಅಲ್ಲಿ ರೋಗವು ಮೊದಲು ಕಂಡದ್ದು ೨೦೦೩ರಲ್ಲಿ. ಅಂದರೆ ಕನಿಷ್ಠ ಆರು ವರ್ಷ ಮೊದಲೇ ಅದು ದೇಶದೊಳಗೆ ಬಂದು ಸೇರಿದ್ದಿತು. ರಷ್ಯಾದ ದೂರಪ್ರಾಚ್ಯದ ಮಾದರಿಗಳಲ್ಲಿ ೧೯೬೨ರಷ್ಟು ಹಿಂದಿನದೂ ದೊರೆಯಿತು. ಹಳೆಯ ತಾಳೆಯೋಲೆಯ ಪ್ರತಿಯೊಂದನ್ನು ಮರಳಿ ಓದಿ ಕೃತಿಕಾರನನ್ನು ತಿದ್ದುವ ಸಂಪಾದಕನ ಕೆಲಸಕ್ಕೂ ಇದಕ್ಕೂ ವಿಧಾನದಲ್ಲಿ ವ್ಯತ್ಯಾಸವು ಸ್ವಲ್ಪವೇ. ಪ್ರತಿಯನ್ನು ಕಾದಿಟ್ಟವನಿಲ್ಲದಿದ್ದರೆ ತಿದ್ದುವವನಿಗೆ ಆಧಾರವೇ ಇರುತ್ತಿರಲಿಲ್ಲ.

ಯುರೋಪನ್ನೆಲ್ಲ ಆಕ್ರಮಿಸಿದ ಈ ಶಿಲೀಂಧ್ರಸಂತತಿಗೆ ಪೂರ್ವದಿಂದ ಬಂದ ಎರಡೇ ವ್ಯಕ್ತಿಗಳು ಮೂಲವೆಂದು ೨೦೧೮ರ ವಂಶಾನ್ವೇಷಣೆಯು ತಿಳಿಸಿತು. ಇದಕ್ಕೆ ಪ್ರತಿಯಾಗಿ, ನಿರಪರಾಧಿಯಾದ ಆಲ್ಬಿಡಸ್ಸಿನ ಗತಿಯು ಶೋಚನೀಯವಾಗಿದೆ. ಅದೂ ಅದೇ ದಂಟಿನ ಮೇಲೆ ಬದುಕತಕ್ಕದ್ದಾದುದರಿಂದ ಬಲಿಷ್ಠನಾದ ಹೊಸಬನಿಗೆ ಸ್ಥಳವನ್ನು ಬಿಟ್ಟುಕೊಡಬೇಕಾಯಿತು. ಡೆನ್ಮಾರ್ಕಿನಲ್ಲಿ ಅದು ಸದ್ದಿಲ್ಲದೆ ಕಣ್ಮರೆಯಾಯಿತೆಂದು ೨೦೧೨ರಲ್ಲಿ ವರದಿಯಾಯಿತು. ಎರಡೂ ಒಂದೇ ಹೆಸರಿನಲ್ಲಿ ಇದ್ದಷ್ಟು ಕಾಲ ಒಂದರ ನಾಶವನ್ನು ಮತ್ತೊಂದರ ಸಮೃದ್ಧಿಯೆಂದು ಎಣಿಸುವುದು ಅನಿವಾರ್ಯವಾಗಿದ್ದಿತು. ಮಾರಕವನ್ನು ಗುರುತಿಸಲಾಗದಿದ್ದುದು ಎಷ್ಟು ದೊಡ್ಡ ಹಾನಿಯೋ ಸಾಧುವಿನ ಅಳಿವನ್ನು ಗುರುತಿಸಲಾಗದಿದ್ದುದೂ ಅಷ್ಟೇ ಹಾನಿಯಾಗಿರುವುದು.

೧೦. ಉಪಸಂಹಾರ

ಈ ಚರಿತ್ರೆಯಿಂದ ಮೂರು ಅಂಶಗಳು ಸಿದ್ಧವಾಗುವುವು. ಒಂದನೆಯದು: ಹೋಲಿಕೆಯಿಂದ ಕೊಟ್ಟ ಹೆಸರು ಅಸಾಧಾರಣಧರ್ಮವು ದೊರೆಯುವವರೆಗೆ ಊಹೆಯೇ ಹೊರತು ನಿರ್ಣಯವಲ್ಲ. ಎರಡನೆಯದು: ಅಂತಹ ಊಹೆಯು ಅಚ್ಚಾದ ಕೂಡಲೆ ಲೋಕವು ಅದನ್ನು ನಿರ್ಣಯವೆಂದೇ ಗ್ರಹಿಸಿ ವ್ಯವಹರಿಸುವುದು, ಆದುದರಿಂದ ಹೆಸರಿಡುವವನ ಹೊಣೆಯು ಶಾಸ್ತ್ರದ ಎಲ್ಲೆಯಲ್ಲಿ ಮುಗಿಯುವುದಿಲ್ಲ. ಮೂರನೆಯದು: ತಪ್ಪನ್ನು ತಿದ್ದಲು ಹೊಸ ಉಪಕರಣವೆಷ್ಟು ಬೇಕೋ ಹಳೆಯ ಮಾದರಿಯೂ ಅಷ್ಟೇ ಬೇಕು.

ಆಶ್ ಮರಗಳು ಎಲ್ಲವೂ ಸಾಯುವುದಿಲ್ಲ. ಅಲ್ಪಸಂಖ್ಯೆಯ ಮರಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಸಹನಶಕ್ತಿಯು ಕಂಡುಬಂದಿದ್ದು, ಅವುಗಳಿಂದ ಬೀಜವನ್ನು ಪಡೆದು ಸಸಿಗಳನ್ನೆಬ್ಬಿಸುವ ಕೆಲಸವು ಯುರೋಪಿನ ಅನೇಕ ದೇಶಗಳಲ್ಲಿ ನಡೆಯುತ್ತಲಿದೆ. ಆ ಎಲೆಗಳಲ್ಲಿರುವ ಇತರ ಅಂತರ್ವಾಸಿಗಳಲ್ಲಿ ಯಾವುದಾದರೂ ಈ ಶತ್ರುವನ್ನು ತಡೆಯಬಲ್ಲುದೇ ಎಂಬ ಪರೀಕ್ಷೆಗಳೂ ನಡೆದಿವೆ. ಅವುಗಳಿಗೆಲ್ಲ ಮೊದಲ ಮೆಟ್ಟಿಲು ಎಲೆಯೊಳಗೆ ಯಾರು ಯಾರು ಇರುವರೆಂದು ಒಬ್ಬೊಬ್ಬರನ್ನೂ ಅವರವರ ಹೆಸರಿನಿಂದ ತಪ್ಪಿಲ್ಲದೆ ಗುರುತಿಸುವುದೇ ಆಗಿದೆ.